ಹಾಡು ಗೊತ್ತು, ಕಟ್ಟಿದವರು ಗೊತ್ತಿಲ್ಲ: ಬಿಲ್ಲಿ ಜೋ ಶೇವರ್

ಪ್ರಶ್ನೆ: ಬಾಬ್ ಡಿಲನ್ ಅವರ 2009ರ ‘ಟುಗೆದರ್ ಥ್ರೂ ಲೈಫ್’ ಆಲ್ಬಂ ಕೇಳುತ್ತಿದ್ದಾಗ ಒಂದು ಹಾಡಿನಲ್ಲಿ ಜೇಮ್ಸ್ ಜಾಯ್ಸ್ ಜೊತೆಗೆ ಬಿಲ್ಲಿ ಜೋ ಶೇವರ್ ಎಂಬ ಹೆಸರೂ ಬಂದಿತು. ಜಾಯ್ಸ್ ಯಾರೆಂದು ಗೊತ್ತಿತ್ತು, ಶೇವರ್ ಯಾರೆಂದು ಗೊತ್ತಿರಲಿಲ್ಲ. ವಿಚಾರಿಸಿದಾಗ ಅವರು ಅಮೆರಿಕದ ಕಂಟ್ರಿ ಸಂಗೀತದ ಹಾಡುಗಾರರೆಂದೂ, ಎಲ್ವಿಸ್ ಪ್ರೀಸ್ಲಿಯಂಥವರು ಅವರ ಹಾಡನ್ನು ಹಾಡಿದ್ದಾರೆಂದೂ ತಿಳಿಯಿತು. ಹಾಗಿದ್ದೂ ಅವರ ಹೆಸರು ಏಕೆ ಇಷ್ಟು ಅಪರಿಚಿತ? ಗಾಯಕರಾಗಿ ಅವರು ಸೋತರೆಂದು ತಿಳಿಯಬೇಕೆ? ಕೇಳುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಸೋತರೆಂದು ತಿಳಿಯಬೇಡಿ. ಮಾರಾಟದ ಪಟ್ಟಿಯನ್ನಷ್ಟೇ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಶೇವರ್ ತಮ್ಮ ಕಂಠದಲ್ಲಿ ಹಾಡಿದ ಯಾವ ಹಾಡೂ ಆ ಪಟ್ಟಿಗಳ ಮೇಲಿನ ಸಾಲುಗಳಿಗೆ ಏರಲಿಲ್ಲ. ಆದರೆ 1970ರ ದಶಕದಲ್ಲಿ ಕಂಟ್ರಿ ಸಂಗೀತದ ದಿಕ್ಕನ್ನೇ ಬದಲಿಸಿದ ಆಲ್ಬಂ ಒಂದರ ಹತ್ತು ಹಾಡುಗಳಲ್ಲಿ ಒಂಬತ್ತು ಅವರವು. ಹಾಡು ಒಬ್ಬರದು, ಹೆಸರು ಇನ್ನೊಬ್ಬರದು ಆದದ್ದು ಹೇಗೆ ಎಂಬುದನ್ನು ಬಿಡಿಸಿ ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಅದಕ್ಕೆ ಮೊದಲು ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರದ ಪದ್ಧತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ಭಾವಗೀತೆಯಲ್ಲಿ ಕವಿ ಬೇರೆ, ರಾಗ ಹಾಕುವವರು ಬೇರೆ, ಹಾಡುವವರು ಬೇರೆ ಆಗಿರುವುದೇ ಹೆಚ್ಚು. ನ್ಯಾಶ್‌ವಿಲ್‌ನಲ್ಲಿ ಸಾಹಿತ್ಯ ಮತ್ತು ಧಾಟಿ ಎರಡನ್ನೂ ಕಟ್ಟುವವರು ಸಾಮಾನ್ಯವಾಗಿ ಒಬ್ಬರೇ, ಇಲ್ಲವೆ ಜೊತೆಗೂಡಿ ಬರೆಯುವ ಇಬ್ಬರು ಮೂವರು. ಅವರಲ್ಲಿ ಅನೇಕರು ಪ್ರಕಾಶನ ಸಂಸ್ಥೆಯೊಂದರಿಂದ ವಾರಕ್ಕೆ ಇಂತಿಷ್ಟು ಎಂದು ಹಣ ಪಡೆದು ಹಾಡು ಬರೆಯುತ್ತಾರೆ. ಹೆಸರಾಂತ ಗಾಯಕರು ಅವುಗಳಲ್ಲಿ ತಮಗೆ ಒಪ್ಪುವುದನ್ನು ಆರಿಸಿಕೊಂಡು ಹಾಡುತ್ತಾರೆ. ಹೀಗೆ ಬರೆಯುವವರಲ್ಲಿ ಬಹುಮಂದಿ ವೇದಿಕೆ ಏರುವುದೇ ಇಲ್ಲ. ಶೇವರ್ ಏರಿದರು, ಸುಮಾರು ಐವತ್ತು ವರ್ಷ ಹಾಡಿದರು. ಆದರೂ ಊರು ಅವರನ್ನು ಗುರುತಿಸಿದ್ದು ಬರೆಯುವವರೆಂದೇ.

ಅವರು ಹುಟ್ಟಿದ್ದು 1939ರ ಆಗಸ್ಟ್ 16ರಂದು, ಟೆಕ್ಸಾಸ್ ರಾಜ್ಯದ ಕೋರ್ಸಿಕಾನಾ ಎಂಬ ಊರಿನಲ್ಲಿ. ಮಗು ಹುಟ್ಟುವ ಮೊದಲೇ ತಂದೆ ಮನೆ ಬಿಟ್ಟಿದ್ದರು. ತಾಯಿ ವಿಕ್ಟರಿ ದುಡಿಮೆಗಾಗಿ ವೇಕೋ ನಗರದಲ್ಲಿದ್ದುದರಿಂದ ಹುಡುಗ ಬೆಳೆದದ್ದು ಅಜ್ಜಿಯ ಬಳಿ, ಆಕೆಯ ವೃದ್ಧಾಪ್ಯ ವೇತನದ ಆಸರೆಯಲ್ಲಿ. ಅಜ್ಜಿ ತೀರಿಕೊಂಡಾಗ ಅವರಿಗೆ ಹನ್ನೆರಡು ವರ್ಷ. ಅನಂತರ ವೇಕೋಗೆ ತಾಯಿಯ ಬಳಿಗೆ ಬಂದರು. ಆಕೆ ಕೆಲಸ ಮಾಡುತ್ತಿದ್ದುದು ‘ಗ್ರೀನ್ ಗೇಬಲ್ಸ್’ ಎಂಬ ಹಾಂಕಿ ಟಾಂಕ್‌ನಲ್ಲಿ. ಹಾಂಕಿ ಟಾಂಕ್ ಎಂದರೆ ಬಿಯರ್ ಮಾರುವ, ಬ್ಯಾಂಡ್ ನುಡಿಸುವ, ಕುಣಿಯಲು ಒಂದಿಷ್ಟು ಜಾಗವಿರುವ ಬಡವರ ಮೋಜಿನ ತಾಣ. ಯುದ್ಧದಿಂದ ಮರಳಿದ ಸೈನಿಕರು, ಜೂಜುಗಾರರು, ಕೂಲಿಗಳು ಅಲ್ಲಿ ಬಂದು ಹೋಗುವುದನ್ನು ಹುಡುಗ ಮೂಲೆಯಲ್ಲಿ ನಿಂತು ನೋಡುತ್ತಿದ್ದ. ಇಪ್ಪತ್ತು ವರ್ಷಗಳ ಅನಂತರ ‘ಹಾಂಕಿ ಟಾಂಕ್ ಹೀರೋಸ್’ ಹಾಡು ಹುಟ್ಟಿದ್ದು ಆ ನೆನಪಿನಿಂದಲೇ. ಶಾಲೆ ಎಂಟನೆಯ ತರಗತಿಗೆ ಮುಗಿಯಿತು. ಹದಿನೇಳನೆಯ ವಯಸ್ಸಿನಲ್ಲಿ ನೌಕಾಪಡೆ ಸೇರಿದರು.

ನೌಕಾಪಡೆಯಿಂದ ಬಂದ ಮೇಲೆ ಮಾಡಿದ ಹಲವು ಕೆಲಸಗಳಲ್ಲಿ ಒಂದು ಮರ ಕೊಯ್ಯುವ ಕಾರ್ಖಾನೆಯದು. ಅಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳು ತುಂಡಾದವು. ತಂತಿ ಮೀಟುವುದು ಬಲಗೈಯಿಂದಲೇ. ಉಳಿದ ಬೆರಳುಗಳಿಂದ ಗಿಟಾರ್ ಮೀಟಲು ಅವರು ಹೊಸದಾಗಿ ಕಲಿಯಬೇಕಾಯಿತು. ಹೊಟ್ಟೆಪಾಡಿಗೆ ಸಿಕ್ಕಿದ್ದನ್ನು ಮಾಡುತ್ತ ಸಾಗಿದ್ದ ಬದುಕು ಹಾಡುಗಳ ಕಡೆಗೆ ತಿರುಗಿದ್ದು ಈ ಅಪಘಾತದ ನಂತರವೇ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಆಮೇಲೆ ಒಂದು ದಿನ ಲಾಸ್ ಏಂಜಲೀಸ್‌ಗೆ ಹೋಗಬೇಕೆಂದು ಹೆದ್ದಾರಿಯ ಬದಿಯಲ್ಲಿ ನಿಂತು ಬರುವ ವಾಹನಗಳಿಗೆಲ್ಲ ಕೈ ಮಾಡಿದರು. ಪಶ್ಚಿಮಕ್ಕೆ ಹೋಗುವ ಒಂದೂ ವಾಹನ ನಿಲ್ಲದಿದ್ದಾಗ ರಸ್ತೆ ದಾಟಿ ಆಚೆ ಬದಿಗೆ ನಿಂತರು, ಪೂರ್ವಕ್ಕೆ ಹೊರಟಿದ್ದ ವಾಹನ ಹತ್ತಿ ಟೆನೆಸಿ ರಾಜ್ಯದ ಮೆಂಫಿಸ್‌ವರೆಗೂ ಹೋದರು, ಅಲ್ಲಿಂದ ನ್ಯಾಶ್‌ವಿಲ್ ಸೇರಿದರು. ಗಾಯಕ ಬಾಬಿ ಬೇರ್ ಅವರ ಕಚೇರಿಗೆ ನುಗ್ಗಿ ಹಾಡಿ ತೋರಿಸಿದಾಗ ಬೇರ್ ವಾರಕ್ಕೆ 50 ಡಾಲರ್ ಕೊಟ್ಟು ಅವರನ್ನು ಬರಹಗಾರರಾಗಿ ಇಟ್ಟುಕೊಂಡರು. ಗಾಯಕ ಕ್ರಿಸ್ ಕ್ರಿಸ್ಟಾಫರ್ಸನ್ 1971ರ ತಮ್ಮ ಆಲ್ಬಂನಲ್ಲಿ ‘ಗುಡ್ ಕ್ರಿಶ್ಚಿಯನ್ ಸೋಲ್ಜರ್’ ಹಾಡನ್ನು ಸೇರಿಸಿಕೊಂಡದ್ದು ಈ ಅವಧಿಯ ಮುಖ್ಯ ಬೆಳವಣಿಗೆ.

ಇನ್ನು 1972ರ ಸಂಗತಿ. ಆ ವರ್ಷದ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಡ್ರಿಪ್ಪಿಂಗ್ ಸ್ಪ್ರಿಂಗ್ಸ್ ಬಳಿಯ ಬಯಲಿನಲ್ಲಿ ದೊಡ್ಡದೊಂದು ಸಂಗೀತ ಮೇಳ ನಡೆಯಿತು. ಅಲ್ಲಿ ಶೇವರ್ ಹಾಡಿದ ‘ವಿಲ್ಲಿ ದ ವಾಂಡರಿಂಗ್ ಜಿಪ್ಸಿ ಅಂಡ್ ಮಿ’ ಕಂಟ್ರಿ ಗಾಯಕ ವೇಲನ್ ಜೆನಿಂಗ್ಸ್ ಅವರ ಕಿವಿಗೆ ಬಿದ್ದಿತು. ಇಂಥ ಹಾಡುಗಳು ಇನ್ನಷ್ಟಿವೆಯೇ ಎಂದು ಕೇಳಿ, ಅವನ್ನೆಲ್ಲ ಸೇರಿಸಿ ಒಂದು ಆಲ್ಬಂ ಮಾಡುತ್ತೇನೆಂದು ಜೆನಿಂಗ್ಸ್ ಮಾತು ಕೊಟ್ಟರು. ನ್ಯಾಶ್‌ವಿಲ್‌ಗೆ ಮರಳಿದ ಮೇಲೆ ಆ ಮಾತು ಅವರಿಗೆ ಮರೆತೇ ಹೋಯಿತು. ಶೇವರ್ ತಿಂಗಳುಗಟ್ಟಲೆ ಬೆನ್ನುಹತ್ತಿದರೂ ಭೇಟಿ ಸಿಗಲಿಲ್ಲ. ಕೊನೆಗೆ ಜೆನಿಂಗ್ಸ್ ತಮ್ಮ ಧ್ವನಿಮುದ್ರಣ ಕಂಪನಿಯಾದ ಆರ್‌ಸಿಎಯ ಸ್ಟುಡಿಯೋದಲ್ಲಿದ್ದಾರೆಂದು ತಿಳಿದು ಅಲ್ಲಿಗೇ ಹೋದಾಗ, ಮಡಿಸಿದ ನೂರು ಡಾಲರ್ ನೋಟೊಂದನ್ನು ಹೊರಗೆ ಕಳಿಸಿ, ಇದನ್ನು ತೆಗೆದುಕೊಂಡು ಹೊರಡಲಿ ಎಂದು ಹೇಳಿಸಲಾಯಿತು. ಶೇವರ್ ನೋಟನ್ನು ಹಿಂದಕ್ಕೆ ಕಳಿಸಿದರು. ಜೆನಿಂಗ್ಸ್ ಹೊರಗೆ ಬಂದಾಗ, ನನ್ನ ಹಾಡುಗಳನ್ನು ಕೇಳದೆ ಹೋದರೆ ಇಲ್ಲೇ, ಎಲ್ಲರೆದುರಿಗೇ ಹೊಡೆದಾಟವಾಗುತ್ತದೆ ಎಂದು ತಡೆದು ನಿಂತರು. ಇಬ್ಬರೂ ಮುಂದೆ ಹಲವು ಸಲ ಹೇಳಿಕೊಂಡಿರುವ ಪ್ರಸಂಗವಿದು. ಒಂದು ಹಾಡು ಹಾಡು, ಹಿಡಿಸಿದರೆ ಇನ್ನೊಂದು, ಹಿಡಿಸದಿದ್ದರೆ ಇಬ್ಬರೂ ನಮ್ಮ ನಮ್ಮ ದಾರಿ ಹಿಡಿಯೋಣ ಎಂಬ ಕರಾರಾಯಿತು. ಒಂದರ ನಂತರ ಒಂದಾಗಿ ಹಾಡುಗಳು ಬಂದವು. 1973ರ ಜುಲೈನಲ್ಲಿ ‘ಹಾಂಕಿ ಟಾಂಕ್ ಹೀರೋಸ್’ ಎಂಬ ಹೆಸರಿನಿಂದಲೇ ಆಲ್ಬಂ ಹೊರಬಂದಿತು.

ಅದು ಏಕೆ ಮುಖ್ಯವಾಯಿತು ಎಂಬುದನ್ನು ಇಲ್ಲಿ ನಿಂತು ಹೇಳಲೇಬೇಕು. ಅಂದಿನ ನ್ಯಾಶ್‌ವಿಲ್‌ನಲ್ಲಿ ಗಾಯಕರು ತಮ್ಮ ಬ್ಯಾಂಡನ್ನು ಸ್ಟುಡಿಯೋದೊಳಗೆ ಕರೆದೊಯ್ಯುವ ರೂಢಿ ಇರಲಿಲ್ಲ. ಕಂಪನಿ ನೇಮಿಸಿದ ನಿರ್ಮಾಪಕರು, ಕಂಪನಿ ಗೊತ್ತುಮಾಡಿದ ವಾದ್ಯಗಾರರು, ಹಿಂದೆ ಪಿಟೀಲುಗಳ ಸಾಲು, ಮೆಲುದನಿಯ ಹಿಮ್ಮೇಳ. ಎಲ್ಲವೂ ನುಣುಪಾಗಿರಬೇಕು, ನಗರದ ಮಧ್ಯಮವರ್ಗದವರ ಕಿವಿಗೂ ಒಪ್ಪಬೇಕು. ಆರ್‌ಸಿಎ ಕಂಪನಿಯ ನ್ಯಾಶ್‌ವಿಲ್ ಶಾಖೆಯನ್ನು ನಡೆಸುತ್ತಿದ್ದ ಚೆಟ್ ಆಟ್ಕಿನ್ಸ್ ಈ ಶೈಲಿಯನ್ನು ರೂಪಿಸಿದವರಲ್ಲಿ ಪ್ರಮುಖರು. ಜೆನಿಂಗ್ಸ್ 1972ರಲ್ಲಿ ಕಂಪನಿಯೊಂದಿಗೆ ಹೊಸ ಒಪ್ಪಂದ ಮಾಡಿಕೊಂಡು, ಏನು ಹಾಡಬೇಕು, ಯಾರ ಜೊತೆ ನುಡಿಸಬೇಕು ಎಂಬ ನಿರ್ಧಾರವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ಆದರೆ ಸ್ವಾತಂತ್ರ್ಯ ಸಿಕ್ಕ ಮಾತ್ರಕ್ಕೆ ಹೇಳಲು ಮಾತು ಸಿಗುವುದಿಲ್ಲ; ಆ ಮಾತು ಶೇವರ್ ಅವರಿಂದ ಬಂದಿತು. ಅಲೆಮಾರಿಗಳು, ಕೈ ಖಾಲಿಯಾದವರು, ತಪ್ಪು ಮಾಡಿ ಅದನ್ನು ಒಪ್ಪಿಕೊಳ್ಳುವವರು ಆ ಹಾಡುಗಳಲ್ಲಿ ತಮ್ಮದೇ ಮಾತಿನಲ್ಲಿ ಮಾತಾಡಿದರು. ಮುಂದೆ ‘ಔಟ್‌ಲಾ ಕಂಟ್ರಿ’ ಎಂದು ಹೆಸರಾದ ಚಳವಳಿಯ ಬುನಾದಿ ಈ ಆಲ್ಬಂ ಎಂದು ಬಹಳ ಜನ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಧ್ವನಿಮುದ್ರಣದ ವೇಳೆಯಲ್ಲೂ ಜಗಳ ನಿಲ್ಲಲಿಲ್ಲ. ಶೀರ್ಷಿಕೆಯ ಹಾಡನ್ನು ಜೆನಿಂಗ್ಸ್ ನಿಧಾನವಾಗಿ ಎತ್ತಿಕೊಂಡಾಗ, ನನ್ನ ಹಾಡನ್ನು ಹಾಳುಮಾಡುತ್ತಿದ್ದೀರಿ ಎಂದು ಶೇವರ್ ಸ್ಟುಡಿಯೋದಲ್ಲೇ ಸಿಡುಕಿದರು. ಅರ್ಧಕ್ಕೆ ಬ್ಯಾಂಡ್ ಸೇರಿಕೊಂಡು ಹಾಡು ಓಟ ಕಿತ್ತ ಮೇಲೆಯೇ ಸಮಾಧಾನಗೊಂಡರು.

ಇನ್ನು ಹಣದ ವಿಚಾರಕ್ಕೆ ಬರುತ್ತೇನೆ. ಶೇವರ್ ಅವರಂಥವರ ಜೀವನವನ್ನು ಇದನ್ನು ಬಿಟ್ಟು ಅರ್ಥಮಾಡಿಕೊಳ್ಳಲಾಗದು. ಅಮೆರಿಕದಲ್ಲಿ ಧ್ವನಿಮುದ್ರಿಕೆಯ ಒಂದು ಪ್ರತಿ ಮಾರಾಟವಾದಾಗ ಅದರಲ್ಲಿನ ಹಾಡೊಂದಕ್ಕೆ ಕೊಡಬೇಕಾದ ಗೌರವಧನದ ದರವನ್ನು ಕಾನೂನು 1909ರಲ್ಲಿ ಎರಡು ಸೆಂಟ್ ಎಂದು ನಿಗದಿ ಮಾಡಿತ್ತು, 1978ರವರೆಗೆ ಅದು ಬದಲಾಗಲಿಲ್ಲ. ಒಂಬತ್ತು ಹಾಡುಗಳಿಗೆ ಒಂದು ಪ್ರತಿಯಿಂದ ಹದಿನೆಂಟು ಸೆಂಟ್. ಅದರಲ್ಲಿ ಅರ್ಧ ಪ್ರಕಾಶಕರಿಗೆ ಹೋಗುವುದು ರೂಢಿ. ಲಕ್ಷ ಪ್ರತಿ ಮಾರಾಟವಾದರೂ ಬರೆದವರ ಕೈಗೆ ಈ ಲೆಕ್ಕದಲ್ಲಿ ಬರುವುದು 9,000 ಡಾಲರ್, ಜೊತೆಗೆ ಬರೆದವರಿದ್ದರೆ ಅದೂ ಇಲ್ಲ. ನಿಜ, ಅಲ್ಲಿನ ರೇಡಿಯೋದಲ್ಲಿ ಹಾಡು ಬಂದಾಗ ಹಣ ಸಿಗುವುದು ಗಾಯಕರಿಗಲ್ಲ, ಬರೆದವರಿಗೆ ಮತ್ತು ಪ್ರಕಾಶಕರಿಗೆ. ಬರಹಗಾರರನ್ನು ಕಾಪಾಡುವುದು ಬಹುಪಾಲು ಅದೇ. ಆದರೆ ರೇಡಿಯೋದಲ್ಲಿ ಕೇಳುಗರಿಗೆ ತಲುಪುವ ಹೆಸರು ಗಾಯಕರದು. ವೇದಿಕೆಯ ಟಿಕೆಟ್ ಮಾರುವುದೂ ಆ ಹೆಸರೇ. 1976ರಲ್ಲಿ ಬಂದ ‘ವಾಂಟೆಡ್! ದ ಔಟ್‌ಲಾಸ್’ ಸಂಕಲನವು ಹತ್ತು ಲಕ್ಷ ಪ್ರತಿಗಳ ಮಾರಾಟಕ್ಕೆ ಕೊಡುವ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಕಂಟ್ರಿ ಆಲ್ಬಂ. ಅದರಲ್ಲಿ ‘ಹಾಂಕಿ ಟಾಂಕ್ ಹೀರೋಸ್’ ಹಾಡಿದೆ. ಮುಖಪುಟದಲ್ಲಿ ಜೆನಿಂಗ್ಸ್, ವಿಲ್ಲಿ ನೆಲ್ಸನ್, ಜೆಸ್ಸಿ ಕೋಲ್ಟರ್, ಟಾಂಪಾಲ್ ಗ್ಲೇಸರ್ ಇದ್ದಾರೆ. ಶೇವರ್ ಇಲ್ಲ. ಅವರೇಕೆ ಅಪರಿಚಿತರು ಎಂಬ ನಿಮ್ಮ ಪ್ರಶ್ನೆಗೆ ಆ ಮುಖಪುಟಕ್ಕಿಂತ ನೇರವಾದ ಉತ್ತರ ನನಗೆ ತಿಳಿಯದು.

ಇತರರು ಅವರ ಹಾಡುಗಳನ್ನು ಎತ್ತಿಕೊಳ್ಳುತ್ತಲೇ ಹೋದರು. ‘ಯು ಆಸ್ಕ್ಡ್ ಮಿ ಟು’ ಎಂಬುದನ್ನು ಶೇವರ್ ಮತ್ತು ಜೆನಿಂಗ್ಸ್ ಕೂಡಿ ಬರೆದಿದ್ದರು. ಎಲ್ವಿಸ್ ಅದನ್ನು 1973ರ ಡಿಸೆಂಬರ್‌ನಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಹಾಡಿದರು. ನೀವು ಓದಿದ್ದು ಈ ಹಾಡಿನ ಬಗೆಗೇ ಇರಬೇಕು. ಬಾಬಿ ಬೇರ್ ‘ರೈಡ್ ಮಿ ಡೌನ್ ಈಸಿ’ ಹಾಡಿ ಗೆದ್ದರು, ರಾಕ್ ತಂಡವಾದ ಆಲ್ಮನ್ ಬ್ರದರ್ಸ್ ‘ಸ್ವೀಟ್ ಮಾಮಾ’ವನ್ನು ತೆಗೆದುಕೊಂಡಿತು.

ಈ ನಡುವೆ ಅವರದೇ ಆಲ್ಬಂಗಳ ಗತಿ ಏನಾಯಿತು? ಮೊದಲನೆಯದು, ‘ಓಲ್ಡ್ ಫೈವ್ ಅಂಡ್ ಡೈಮರ್ಸ್ ಲೈಕ್ ಮಿ’, ಅದೇ 1973ರಲ್ಲಿ ಮಾನ್ಯುಮೆಂಟ್ ಕಂಪನಿಯಿಂದ ಬಂದಿತು, ನಿರ್ಮಾಪಕರು ಕ್ರಿಸ್ಟಾಫರ್ಸನ್. ಜೆನಿಂಗ್ಸ್ ಹಾಡಿದ ಹಾಡುಗಳಲ್ಲಿ ಕೆಲವು ಇದರಲ್ಲೂ ಇದ್ದವು, ಆದರೆ ಜನರ ಕಿವಿಯಲ್ಲಿ ಆಗಲೇ ಜೆನಿಂಗ್ಸ್ ಅವರ ದನಿ ನೆಲೆಸಿತ್ತು. 1976 ಮತ್ತು 1977ರ ಎರಡು ಆಲ್ಬಂಗಳು ಜಾರ್ಜಿಯಾ ರಾಜ್ಯದ ಕ್ಯಾಪ್ರಿಕಾರ್ನ್ ಕಂಪನಿಯಿಂದ ಬಂದವು; ಆ ಕಂಪನಿ 1979ರಲ್ಲಿ ದಿವಾಳಿಯಾಯಿತು. 1980ರ ದಶಕದಲ್ಲಿ ಕೊಲಂಬಿಯಾಕ್ಕೆ ಮೂರು ಆಲ್ಬಂ ಮಾಡಿದರು. ಅಷ್ಟರಲ್ಲಿ ಕಂಟ್ರಿ ಸಂಗೀತದ ಅಭಿರುಚಿ ಮತ್ತೆ ನುಣುಪಿನ ಕಡೆಗೆ ಹೊರಳಿತ್ತು. ಹೀಗೆ ಪ್ರತಿ ಸಲವೂ ನೆಲೆ ಕುಸಿಯುವ ಹೊತ್ತಿಗೆ ಸರಿಯಾಗಿ ಅವರು ಅಲ್ಲಿರುತ್ತಿದ್ದರು. ಅವರ ಕುಡಿತ, ಮಾದಕ ವಸ್ತುಗಳ ಚಟ, ಮುಂಗೋಪ ಇವೂ ಕಾರಣವಾದವು. ಇದನ್ನು ಮುಚ್ಚಿಟ್ಟರೆ ಅವರ ಹಾಡುಗಳಿಗೇ ಅನ್ಯಾಯ ಮಾಡಿದಂತೆ, ಏಕೆಂದರೆ ಅವರು ಅದನ್ನು ಎಂದೂ ಮುಚ್ಚಿಡಲಿಲ್ಲ.

ಆ ಚಟದ ತಳ ಮುಟ್ಟಿದ್ದು 1970ರ ದಶಕದ ಕೊನೆಯ ಭಾಗದಲ್ಲಿ. ಒಂದು ರಾತ್ರಿ ನ್ಯಾಶ್‌ವಿಲ್ ಹೊರವಲಯದ ಹಾರ್ಪೆತ್ ನದಿಯ ಮೇಲಿನ ಕಡಿದಾದ ಬಂಡೆಯನ್ನು ಏರಿದರು, ಅಲ್ಲಿಂದ ಹಾರುವ ಯೋಚನೆಯಿತ್ತು. ಅಲ್ಲಿ ಮೊಣಕಾಲೂರಿ ದೇವರನ್ನು ಬೇಡಿಕೊಂಡೆನೆಂದೂ, ಕತ್ತಲೆಯಲ್ಲಿ ಕೆಳಗಿಳಿದು ಬರುವಾಗ ಒಂದು ಹಾಡಿನ ಅರ್ಧ ಭಾಗ ಬಾಯಿಗೆ ಬಂದಿತೆಂದೂ ಅವರು ಹೇಳಿದ್ದಾರೆ. ಆ ಹಾಡು ‘ಐಯಾಮ್ ಜಸ್ಟ್ ಆನ್ ಓಲ್ಡ್ ಚಂಕ್ ಆಫ್ ಕೋಲ್’. ಈಗ ನಾನು ಕಲ್ಲಿದ್ದಲ ಉಂಡೆ, ಮುಂದೊಂದು ದಿನ ವಜ್ರವಾಗುವೆ ಎಂಬುದು ಅದರ ತಿರುಳು. ಅನಂತರ ಹ್ಯೂಸ್ಟನ್‌ಗೆ ಹೋಗಿ ನೆಲೆಸಿ ಚಟ ಬಿಟ್ಟರು. 1981ರಲ್ಲಿ ಜಾನ್ ಆಂಡರ್ಸನ್ ಹಾಡಿದಾಗ ಅದು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ನಾಲ್ಕನೆಯ ಸ್ಥಾನಕ್ಕೆ ಏರಿತು. ಆಂಡರ್ಸನ್ ಅವರ ದನಿ ನನಗೆ ಬಹಳ ಇಷ್ಟ. ಆದರೂ ಆ ಹಾಡಿನಲ್ಲಿ ಅವರು ನಗುತ್ತಿರುವಂತೆ ಕೇಳುತ್ತದೆ, ಶೇವರ್ ಹಾಡಿದಾಗ ಪ್ರತಿಜ್ಞೆ ಮಾಡುತ್ತಿರುವಂತೆ ಕೇಳುತ್ತದೆ.

ಇಲ್ಲಿ ಅವರ ಕಸುಬಿನ ಬಗ್ಗೆ ಎರಡು ಮಾತು. ಎಂಟನೆಯ ತರಗತಿಯ ಓದನ್ನು ಅವರು ಕೊರತೆಯೆಂದು ಎಣಿಸಲಿಲ್ಲ, ಅದರ ಬಗ್ಗೆಯೇ ಹಾಡು ಕಟ್ಟಿದರು. ಅವರ ಪದಗಳು ಚಿಕ್ಕವು, ದಿನಬಳಕೆಯವು, ಹೆಚ್ಚಿನವು ಒಂದೆರಡು ಉಚ್ಚಾರಾಂಶದವು. ಪ್ರಾಸ ಸಾಲಿನ ಕೊನೆಗಷ್ಟೇ ಅಲ್ಲ, ಒಳಗೂ ಹೆಣೆದುಕೊಂಡಿರುತ್ತದೆ, ಹಾಗಾಗಿ ನಾಲಗೆಗೆ ಸಲೀಸು. ‘ಫೈವ್ ಅಂಡ್ ಡೈಮ್’ ಎಂದರೆ ಐದು ಸೆಂಟಿಗೆ, ಹತ್ತು ಸೆಂಟಿಗೆ ಸಾಮಾನು ಮಾರುತ್ತಿದ್ದ ಅಗ್ಗದ ಅಂಗಡಿ. ಅದನ್ನು ಅವರು ಮನುಷ್ಯನ ಹೆಸರಾಗಿಸಿದರು. ಅಂಥ ಅಂಗಡಿಯ ಸರಕಿನಂಥ ಮನುಷ್ಯ, ತನ್ನ ಬೆಲೆ ತನಗೇ ಗೊತ್ತಿರುವವನು, ಇಲ್ಲದ ಬೆಲೆಯನ್ನು ಹೇಳಿಕೊಳ್ಳದವನು. ಅವರ ದನಿ ಒರಟು, ಮೇಲಿನ ಸ್ವರಗಳಲ್ಲಿ ಅಲುಗುತ್ತದೆ, ರೇಡಿಯೋಗೆ ಹೇಳಿ ಮಾಡಿಸಿದ್ದಲ್ಲ. ಆದರೆ ಆ ಪದಗಳಿಗೆ ಹದವಾದ ದನಿ ಅದೊಂದೇ ಎಂಬುದು ಅನೇಕ ವರ್ಷಗಳ ಆಲಿಕೆಯ ನಂತರ ನಾನು ತಲುಪಿರುವ ತೀರ್ಮಾನ.

ಆ ದನಿಗೆ ಜೊತೆಯಾದದ್ದು ಮಗನ ಗಿಟಾರ್. ಎಡ್ಡಿ ಶೇವರ್ 1962ರಲ್ಲಿ ಹುಟ್ಟಿದವರು, ಹದಿಹರೆಯದಿಂದಲೇ ಅಪ್ಪನ ಜೊತೆ ನುಡಿಸುತ್ತಿದ್ದರು, ನಡುವೆ ಕಂಟ್ರಿ ಗಾಯಕ ಡ್ವೈಟ್ ಯೋಕಮ್ ಅವರ ತಂಡದಲ್ಲೂ ಇದ್ದರು. 1993ರಲ್ಲಿ ಅಪ್ಪ ಮಗ ‘ಶೇವರ್’ ಎಂಬ ಹೆಸರಿನಿಂದಲೇ ಹೊರತಂದ ‘ಟ್ರ್ಯಾಂಪ್ ಆನ್ ಯುವರ್ ಸ್ಟ್ರೀಟ್’ ಆಲ್ಬಂನಲ್ಲಿ ಎಡ್ಡಿಯ ವಿದ್ಯುತ್ ಗಿಟಾರ್ ಎಷ್ಟು ಮುಂದಿದೆಯೆಂದರೆ, ಐವತ್ತು ದಾಟಿದ ಅಪ್ಪನ ಹಾಡುಗಳು ಹೊಸ ತಲೆಮಾರಿನ ರಾಕ್ ಕೇಳುಗರನ್ನು ತಲುಪಿದವು. ಶೀರ್ಷಿಕೆಯ ಹಾಡಿನಲ್ಲಿ ಹಳೆಯ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರನ್ನು ಕೇಳಲು ರೈಲುಹಳಿಯ ಗುಂಟ ಹತ್ತು ಮೈಲಿ ನಡೆದ ಹುಡುಗನ ನೆನಪಿದೆ. ಅದೇ ಆಲ್ಬಂನಲ್ಲಿ ಇಬ್ಬರೂ ಕೂಡಿ ಬರೆದ ‘ಲಿವ್ ಫಾರೆವರ್’ ಇದೆ. ಜಾನಿ ಕ್ಯಾಶ್, ಜೆನಿಂಗ್ಸ್, ನೆಲ್ಸನ್, ಕ್ರಿಸ್ಟಾಫರ್ಸನ್ ನಾಲ್ವರೂ ಇದ್ದ ‘ಹೈವೇಮೆನ್’ ತಂಡ 1995ರಲ್ಲಿ ಅದನ್ನು ಹಾಡಿತು.

ಮುಂದಿನದನ್ನು ಬರೆಯುವುದು ಕಷ್ಟ. 1999ರಲ್ಲಿ ತಾಯಿ ವಿಕ್ಟರಿ ತೀರಿಕೊಂಡರು. ಮೂರು ಸಲ ಮದುವೆಯಾಗಿ ಬಿಟ್ಟು ಕೂಡಿ ಬಾಳಿದ್ದ ಹೆಂಡತಿ ಬ್ರೆಂಡಾ ಅದೇ ವರ್ಷ ಕ್ಯಾನ್ಸರ್‌ನಿಂದ ಹೋದರು. 2000ದ ಡಿಸೆಂಬರ್ 31ರಂದು ಎಡ್ಡಿ ಹೆರಾಯಿನ್ ಅತಿಯಾಗಿ ಸತ್ತರು, ಮೂವತ್ತೆಂಟು ವರ್ಷಕ್ಕೆ. ಅಂದು ರಾತ್ರಿ ಆಸ್ಟಿನ್ ಬಳಿ ಹೊಸ ವರ್ಷದ ಕಾರ್ಯಕ್ರಮ ನಿಗದಿಯಾಗಿತ್ತು. ವಿಲ್ಲಿ ನೆಲ್ಸನ್ ಜೊತೆಗೆ ನಿಂತರು, ಶೇವರ್ ಹಾಡಿದರು. 2001ರ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಹಳೆಯ ನೃತ್ಯಶಾಲೆಯಾದ ಗ್ರೀನ್ ಹಾಲ್‌ನಲ್ಲಿ ಹಾಡುತ್ತಿರುವಾಗಲೇ ಹೃದಯಾಘಾತವಾಯಿತು. ಚೇತರಿಸಿಕೊಂಡು ಮತ್ತೆ ಊರೂರು ತಿರುಗತೊಡಗಿದರು.

ಮನ್ನಣೆ ಬಂದದ್ದು ಇದರ ನಂತರ. 2002ರಲ್ಲಿ ಅಮೆರಿಕಾನಾ ಸಂಗೀತ ಸಂಘದ ಜೀವಮಾನ ಸಾಧನೆಯ ಗೌರವ, 2004ರಲ್ಲಿ ನ್ಯಾಶ್‌ವಿಲ್‌ನ ಗೀತರಚನಕಾರರ ಸಾಧಕ ಮಂದಿರದಲ್ಲಿ ಸ್ಥಾನ. 2007ರ ‘ಎವ್ರಿಬಡೀಸ್ ಬ್ರದರ್’ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. ಅದೇ ವರ್ಷ ವೇಕೋ ಸಮೀಪದ ಬಾರ್ ಒಂದರ ಹೊರಗೆ ಜಗಳದಲ್ಲಿ ಒಬ್ಬರ ಮೇಲೆ ಗುಂಡು ಹಾರಿಸಿದ ಪ್ರಕರಣವೂ ನಡೆಯಿತು. ಗಾಯಗೊಂಡವರು ಬದುಕುಳಿದರು, ಆತ್ಮರಕ್ಷಣೆಯ ವಾದವನ್ನು ಒಪ್ಪಿದ ನ್ಯಾಯಮಂಡಳಿ 2010ರಲ್ಲಿ ಶೇವರ್ ಅವರನ್ನು ಬಿಡುಗಡೆ ಮಾಡಿತು. ಅವರ ಹೆಸರು ಹುಡುಕಿದವರಿಗೆ ಹಾಡುಗಳಿಗಿಂತ ಮೊದಲು ಈ ಸುದ್ದಿ ಸಿಗುವುದು ನನಗೆ ನಿಜವಾಗಿಯೂ ನೋವಿನ ವಿಷಯ. ನೀವು ಡಿಲನ್ ಅವರ ಮೂಲಕ ಬಂದದ್ದು ಒಳ್ಳೆಯದೇ ಆಯಿತು. 2014ರ ‘ಲಾಂಗ್ ಇನ್ ದ ಟೂತ್’ ಅವರ ಕೊನೆಯ ಸ್ಟುಡಿಯೋ ಆಲ್ಬಂ. 2020ರ ಅಕ್ಟೋಬರ್ 28ರಂದು ವೇಕೋದಲ್ಲಿ, 81ನೆಯ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ನಿಧನರಾದರು.

ಕೇಳುವ ಕ್ರಮದ ಬಗ್ಗೆ: ಹೆಚ್ಚಿನವರು ಜೆನಿಂಗ್ಸ್ ಅವರ ಆಲ್ಬಂನಿಂದ ಆರಂಭಿಸಿ ಎನ್ನುತ್ತಾರೆ. ನಾನು ಹಾಗೆ ಹೇಳಲಾರೆ, ಏಕೆಂದರೆ ಆ ದೊಡ್ಡ ದನಿ ಒಮ್ಮೆ ಕಿವಿಗೆ ಹಿಡಿದರೆ ಶೇವರ್ ದನಿ ತೆಳುವಾಗಿ ಕೇಳಿಸುತ್ತದೆ. 1973ರಲ್ಲಿ ಆದದ್ದೂ ಅದೇ. ಮೊದಲು ‘ಓಲ್ಡ್ ಫೈವ್ ಅಂಡ್ ಡೈಮರ್ಸ್ ಲೈಕ್ ಮಿ’ ಕೇಳಿ. ಶೀರ್ಷಿಕೆಯ ಹಾಡು ಸಾಕೆನಿಸುವವರೆಗೆ ಅಲ್ಲೇ ಇರಿ, ಆಮೇಲೆ ಜೆನಿಂಗ್ಸ್ ಕಡೆಗೆ ಹೋಗಿ. ಅನಂತರ ‘ಟ್ರ್ಯಾಂಪ್ ಆನ್ ಯುವರ್ ಸ್ಟ್ರೀಟ್’. ಅದು ಮುಗಿದ ಮೇಲೆ, ಬಿಡುವಾಗಿ ಕೂರಲು ಸಮಯವಿರುವ ದಿನ, 1998ರ ‘ವಿಕ್ಟರಿ’ಯನ್ನು ತೆಗೆದುಕೊಳ್ಳಿ. ತಾಯಿಯ ಹೆಸರನ್ನೇ ಇಟ್ಟ ಭಕ್ತಿಗೀತೆಗಳ ಆಲ್ಬಂ ಅದು; ಅಪ್ಪನ ದನಿಯ ಪಕ್ಕದಲ್ಲಿ ಎಡ್ಡಿ ವಿದ್ಯುತ್ ಗಿಟಾರನ್ನು ಕೆಳಗಿಟ್ಟು ಮರದ ಗಿಟಾರ್ ನುಡಿಸಿದ್ದಾರೆ.